ಮೂರು ಪೇಟೆಗಳ ಗಡಂಗುಗಳು



ಲಂಡನ್ ನಗರದಲ್ಲಿ ಥೇಮ್ಸ್ ನದಿಯ ತೆಂಕಣ ದಡದ ಸದರ್ಕ್ ಎಂಬ ಹಳೆಯ ಕೇರಿಯೊಳಗೆ 17ನೆಯ ಶತಮಾನದಷ್ಟು ಪ್ರಾಚೀನವಾದ ಪಾನಗೃಹವೊಂದು ಇಂದಿಗೂ ನಿಂತಿದೆ. ಜಾರ್ಜ್ ಇನ್ ಎಂಬುದು ಅದರ ಹೆಸರು. ದೂರದ ಊರುಗಳಿಂದ ಬಂದ ಕುದುರೆಗಾಡಿಗಳು ತಂಗುತ್ತಿದ್ದ ಅಂಗಳವನ್ನೂ ಅಂಗಳದ ಕಡೆಗೆ ಮುಖಮಾಡಿದ ಮರದ ಮೊಗಸಾಲೆಗಳನ್ನೂ ಆ ದೇಶದ ಸಂರಕ್ಷಣಾ ಸಂಸ್ಥೆಯೊಂದು ತನ್ನ ಒಡೆತನಕ್ಕೆ ತೆಗೆದುಕೊಂಡು ಕಾಪಾಡುತ್ತಿದೆ. ಇಂತಹ ಪಾನಗೃಹಗಳನ್ನು ಒಂದಾದಮೇಲೊಂದರಂತೆ ಕಾಲ್ನಡಿಗೆಯಲ್ಲಿ ಸುತ್ತಿ, ಇಲ್ಲಿ ಯಾವ ಕವಿ ಕುಳಿತಿದ್ದ, ಅಲ್ಲಿ ಯಾವ ವರ್ತಕರು ಸೇರುತ್ತಿದ್ದರು ಎಂಬುದನ್ನು ಕೇಳಿ ತಿಳಿಯುವ ಪುರಸಂಚಾರ ಪಶ್ಚಿಮ ದೇಶಗಳ ಹಳೆಯ ನಗರಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು. ಅಂತಹ ಒಂದು ಸಂಚಾರವನ್ನು ನಮ್ಮ ತುಳುನಾಡಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕೈಗೊಂಡರೆ ನಮಗೆ ಕಾಣಸಿಗುವುದೇನು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಪಾನಗೃಹವು ನಮ್ಮ ದೇಶದ ಚರಿತ್ರೆಗೆ ಹೊರಗಿನಿಂದ ಬಂದ ವಸ್ತುವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳಿಗೆಂದೇ ಒಂದು ಅಧ್ಯಾಯವು ಮೀಸಲಾಗಿದೆ. ಪಾನಾಗಾರದಲ್ಲಿ ಹಲವು ಕೋಣೆಗಳಿರಬೇಕು, ಶಯ್ಯೆ ಆಸನಗಳು ಬೇರೆಬೇರೆಯಾಗಿರಬೇಕು, ಗಂಧ ಮಾಲ್ಯ ಜಲಗಳು ಸಿದ್ಧವಿರಬೇಕು ಎಂದು ಅಲ್ಲಿ ವಿಧಿಸಲಾಗಿದೆ. ಕನ್ನಡದ ಆದಿಕವಿಯಾದ ಪಂಪನು, ತಾನು ಜಿನಭಕ್ತನಾಗಿದ್ದೂ, 941ರ ಸುಮಾರಿಗೆ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ, ಸುಭದ್ರೆಯ ವಿರಹದಿಂದ ನಿದ್ದೆಗೆಟ್ಟ ಅರ್ಜುನನನ್ನು ಬೆಳ್ದಿಂಗಳ ರಾತ್ರಿ ದ್ವಾರಾವತಿಯ ಕೇರಿಗಳಲ್ಲಿ ನಡೆಯಿಸಿ, ಅಲ್ಲಿನ ಪಾನಗೋಷ್ಠಿಗಳನ್ನು ಅವನ ಕಣ್ಣಿನಿಂದ ನಮಗೆ ಕಾಣಿಸುತ್ತಾನೆ. 12ನೆಯ ಶತಮಾನದ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು. ಹೆಂಡ ಮಾರುವ ಕಾಯಕದವನಾಗಿದ್ದು, ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನು ಕಟ್ಟಿದ ವಚನಗಳು ನಮಗೆ ಉಳಿದುಬಂದಿವೆ. ಹೀಗಿರುವಲ್ಲಿ, ಪಾನಗೃಹದ ಚರಿತ್ರೆಯನ್ನು ವಿಚಾರಿಸುವುದು ಸಭ್ಯರಿಗೆ ತಕ್ಕ ಕೆಲಸವಲ್ಲವೆಂಬ ಸಂಕೋಚಕ್ಕೆ ಅವಕಾಶವಿಲ್ಲ.

ಆದರೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಈ ಸಂಚಾರಕ್ಕೆ ಹೊರಟವನಿಗೆ ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಇಲ್ಲಿನ ಗಡಂಗಿಗೆ, ಎಂದರೆ ಹೆಂಡದಂಗಡಿಗೆ, ಗೋಡೆಯಿರಲಿಲ್ಲ. ಇದ್ದರೂ ಅದು ಮಣ್ಣಿನ ಮೋಟುಗೋಡೆ. ಮೇಲೆ ತೆಂಗಿನ ಮಡಲಿನ ಇಲ್ಲವೆ ಮುಳಿಹುಲ್ಲಿನ ಮಾಡು, ಒಳಗೆ ಒಂದೆರಡು ದೊಡ್ಡ ಮಣ್ಣಿನ ಪಾತ್ರೆಗಳು, ಅಳೆದು ಕೊಡುವುದಕ್ಕೆ ಕುಡ್ತೆ, ಕುಡಿಯುವುದಕ್ಕೆ ಗೆರಟೆ, ನಂಜಿಕೊಳ್ಳಲು ಸುಟ್ಟ ಒಣಮೀನೋ ಬೇಯಿಸಿದ ಕಡಲೆಯೋ, ಕುಳಿತುಕೊಳ್ಳಲು ಸೆಗಣಿ ಸಾರಿಸಿದ ಜಗಲಿ: ಗಡಂಗೆಂದರೆ ಇಷ್ಟೆ. ತುಳುನಾಡಿನ ಮಳೆಯು ಅಂತಹ ಮಾಡನ್ನು ಎರಡು ವರ್ಷ ಬಾಳಗೊಡುವುದಿಲ್ಲ. ಜೊತೆಗೆ, ಈ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1886ರ ಅಬಕಾರಿ ಶಾಸನದನ್ವಯ ಹೆಂಡದಂಗಡಿಯ ಹಕ್ಕನ್ನು ಏಲಂ ಹಾಕುವ ಪದ್ಧತಿ ಬೆಳೆಯಿತು. ಈ ವರ್ಷ ಒಬ್ಬ ಗುತ್ತಿಗೆದಾರನ ಕೈಯಲ್ಲಿದ್ದ ಅಂಗಡಿ ಮುಂದಿನ ವರ್ಷ ಮತ್ತೊಬ್ಬನ ಪಾಲಾಗಬಹುದಾಗಿದ್ದಾಗ, ಅದಕ್ಕೆ ಕಲ್ಲಿನ ಪಂಚಾಂಗವನ್ನೂ ಹಂಚಿನ ಮಾಡನ್ನೂ ಕಟ್ಟಿಸುವ ಆಸೆ ಯಾರಿಗೆ ತಾನೆ ಹುಟ್ಟೀತು? ಆದುದರಿಂದ ಇಲ್ಲಿ ಸಂಚಾರಿಯು ಕಟ್ಟಡವನ್ನು ಹುಡುಕಬಾರದು. ಹೊಳೆಯನ್ನು, ದಾರಿಯನ್ನು, ಮರವನ್ನು, ಮರವೇರಿದ ಮನುಷ್ಯನನ್ನು ನೋಡಬೇಕು. ನಮ್ಮ ಗಡಂಗುಗಳ ಚರಿತ್ರೆ ಈ ನಾಲ್ಕರಲ್ಲಿ ಅಡಗಿದೆ.

ಬಂಟ್ವಾಳದಿಂದಲೇ ಹೊರಡೋಣ. ರೈಲೂ ಮೋಟಾರೂ ಬರುವುದಕ್ಕೆ ಮೊದಲು ಮಂಗಳೂರಿನಿಂದ ಹೊರಟ ಸರಕಿನ ದೋಣಿಗಳು ನೇತ್ರಾವತಿಯಲ್ಲಿ ಏರಿಬಂದು ಇಲ್ಲಿ ತಮ್ಮ ಹೊರೆಯನ್ನು ಇಳಿಸುತ್ತಿದ್ದವು. ಉಪ್ಪು, ಒಣಮೀನು, ಬಟ್ಟೆಬರೆಗಳು ಇಲ್ಲಿಂದ ಎತ್ತಿನ ಬೆನ್ನಿನ ಮೇಲೆಯೂ, ಅನಂತರದ ದಿನಗಳಲ್ಲಿ ಗಾಡಿಗಳಲ್ಲಿಯೂ ಘಟ್ಟವನ್ನು ಹತ್ತುತ್ತಿದ್ದವು. ಘಟ್ಟದ ಮೇಲಿನ ಫಸಲುಗಳು ಇದೇ ದಾರಿಯಿಂದ ಇಳಿದು ಇಲ್ಲಿಯ ಮಂಡಿಗಳನ್ನು ಸೇರುತ್ತಿದ್ದವು. ಶ್ರೀ ತಿರುಮಲ ವೆಂಕಟರಮಣ ದೇವಸ್ಥಾನದ ರಥಬೀದಿಯ ಇಕ್ಕೆಲಗಳಲ್ಲಿ ಇಂದಿಗೂ ಉಳಿದಿರುವ ಹಳೆಯ ಅಂಗಡಿಗಳ ಸಾಲನ್ನು ಕಂಡವರಿಗೆ ಆ ಕಾಲದ ವ್ಯಾಪಾರದ ಸಮೃದ್ಧಿ ಊಹೆಗೆ ನಿಲುಕುವುದು. ನವೋದಯದ ಹಿರಿಯರಾದ ಪಂಜೆ ಮಂಗೇಶರಾಯರು 1874ರಲ್ಲಿ ಜನಿಸಿದುದು ಈ ಬಂಟ್ವಾಳದಲ್ಲಿಯೇ.

ರಥಬೀದಿಯಲ್ಲಿ ಗಡಂಗಿಗೆ ಸ್ಥಳವಿರಲಿಲ್ಲವೆಂಬುದು ಸಹಜ. ದೇವರ ತೇರು ಎಳೆಯುವ ಬೀದಿಯನ್ನು ಬಿಟ್ಟು, ಹೊಳೆಯ ಕಡೆಗೆ ಇಳಿಯುವ ಓಣಿಗಳನ್ನೂ, ಗಾಡಿಯವರು ಎತ್ತುಗಳ ಕೊರಳು ಬಿಚ್ಚುತ್ತಿದ್ದ ಬಯಲುಗಳನ್ನೂ, ಕಡವಿನ ಬಾಯಿಯನ್ನೂ ಅರಸಿ ನಡೆದರೆ ಅದರ ನೆಲೆ ಮನಸ್ಸಿಗೆ ಗೋಚರವಾಗುತ್ತದೆ. ಇರುಳೆಲ್ಲ ಜಲ್ಲೆ ಹಾಕಿ ದೋಣಿ ನಡೆಯಿಸಿದವನಿಗೆ, ಭತ್ತದ ಮುಡಿಗಳನ್ನು ಹೆಗಲಮೇಲೆ ಹೊತ್ತು ದಡ ಹತ್ತಿಸಿದವನಿಗೆ, ಅಕ್ಕಿ ಕುಟ್ಟಿದ ಕೈಗಳಿಗೆ, ಬೆಳಗಿನಿಂದ ಗದ್ದೆಯ ಕೆಸರಿನಲ್ಲಿ ನಿಂತ ಕಾಲುಗಳಿಗೆ ಸಂಜೆಯ ಒಂದು ಕುಡ್ತೆ ಕಲಿಯು, ಎಂದರೆ ಹೆಂಡವು, ವಿಲಾಸವಾಗಿರಲಿಲ್ಲ. ಹಲವರಿಗೆ ಅದು ಹೊಟ್ಟೆಗೆ ಬೀಳುತ್ತಿದ್ದ ಗಂಜಿಯ ಜೊತೆಗಾರನಾಗಿತ್ತು, ಕೆಲವು ದಿನಗಳಲ್ಲಿ ಗಂಜಿಗೆ ಬದಲೂ ಆಗಿತ್ತು. 1923ರಲ್ಲಿ ನೇತ್ರಾವತಿಯು ಉಕ್ಕಿ ಬಂದು ಪೇಟೆಯನ್ನು ಮುಳುಗಿಸಿತು. ತುಳುವರು ಅದನ್ನು ಮಾರಿಬೊಳ್ಳವೆಂದು ಕರೆದು ಕಾಲಗಣನೆಯ ಗುರುತನ್ನಾಗಿ ಮಾಡಿಕೊಂಡರು. 1974ರಲ್ಲಿ ಮತ್ತೊಂದು ಮಹಾಪೂರ ಬಂದಿತು. ಕಲ್ಲಿನ ಮಳಿಗೆಗಳನ್ನೇ ಅಲುಗಿಸಿದ ಪ್ರವಾಹಕ್ಕೆ ಹೊಳೆಯಂಚಿನ ಮಡಲಿನ ಮಾಡುಗಳು ಎಷ್ಟರವು? ಅವುಗಳನ್ನು ಹುಡುಕುವ ಸಂಚಾರಿ ಪಾಣೆಮಂಗಳೂರಿನ ಹಳೆಯ ಉಕ್ಕಿನ ಸೇತುವೆಯ ಮೇಲೆ ನಿಂತು ಕೆಳಗಿನ ಹರಿವನ್ನೂ ಎರಡು ದಡಗಳ ತೋಟಗಳನ್ನೂ ನೋಡಿ ಮುಂದುವರಿಯತಕ್ಕದ್ದು.

ಈಗ ಮರದ ಮಾತು. ಹೆಂಡದ ವಿಷಯವಾಗಿ ಬರೆದವರಲ್ಲಿ ಹೆಚ್ಚಿನವರು ಕುಡಿಯುವವನನ್ನು ಕುರಿತು ಬರೆದರು. ಇಳಿಸುವವನನ್ನು ಕುರಿತು ಬರೆದವರು ವಿರಳ. ನನ್ನ ಭಾವನೆಯಲ್ಲಿ ಈ ಸಂಚಾರದ ನಾಯಕನು ಅವನೇ. ಹೆಂಡವಿಳಿಸುವ ಈ ಮೂರ್ತೆದಾರನು ಬೆಳಗಿನ ಮಂಜಿನಲ್ಲಿ ಎದ್ದು, ಸೊಂಟಕ್ಕೆ ಕತ್ತಿಯನ್ನೂ ಪಾತ್ರೆಯನ್ನೂ ಸಿಕ್ಕಿಸಿಕೊಂಡು, ಕಾಲಿಗೆ ತಳೆ ಹಾಕಿ, ಒಂದರ ಬಳಿಕ ಒಂದರಂತೆ ಹತ್ತಾರು ಮರಗಳನ್ನು ಏರಬೇಕು. ಸಂಜೆ ಮತ್ತೆ ಅವುಗಳನ್ನೇ ಏರಬೇಕು. ತೆಂಗಿನ ಹೊಂಬಾಳೆಯು ಬಿರಿಯುವ ಮುನ್ನ ಅದನ್ನು ನಾರಿನಿಂದ ಬಿಗಿದು, ಒಳಗಿನ ಹೂವಿನ ಎಳೆಗಳು ನಲುಗುವಷ್ಟೇ ಹದವಾಗಿ ದಿನದಿನವೂ ಬಡಿಯಬೇಕು. ಬಲ ಹೆಚ್ಚಾದರೆ ಹೊಂಬಾಳೆ ಕೆಡುತ್ತದೆ, ಕಡಮೆಯಾದರೆ ರಸ ಹರಿಯುವುದಿಲ್ಲ. ಕೆಲವು ದಿನಗಳ ಈ ಸಾಧನೆಯ ಮೇಲೆ ತುದಿಯನ್ನು ಅಗಲವಾದ ಹರಿತದ ಕತ್ತಿಯಿಂದ ಕಾಗದದಷ್ಟು ತೆಳುವಾಗಿ ಕೆತ್ತಿದರೆ ರಸವು ತೊಟ್ಟಿಕ್ಕತೊಡಗುತ್ತದೆ. ಅಲ್ಲಿಂದ ಮುಂದೆ ಆ ಕೆತ್ತುವಿಕೆಗೆ ಒಂದು ದಿನದ ಬಿಡುವೂ ಇಲ್ಲ, ಏಕೆಂದರೆ ಗಾಯ ಒಣಗಿದರೆ ಹರಿವು ನಿಂತುಹೋಗುವುದು. ಹಬ್ಬವೆಂದೂ ಜ್ವರವೆಂದೂ ಅವನು ಮನೆಯಲ್ಲಿ ಕುಳಿತುಕೊಳ್ಳುವಂತಿಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಡದ ಮೇಲೆ, ಗಾಳಿಗೆ ತಲೆ ತೂಗುವ ಮರದ ನೆತ್ತಿಯಲ್ಲಿ, ಒಂದು ಕೈಯಲ್ಲಿ ಮಡಲನ್ನು ಹಿಡಿದು ಇನ್ನೊಂದರಲ್ಲಿ ಕತ್ತಿಯಾಡಿಸುವ ಆ ಮನುಷ್ಯನ ಪಾಡನ್ನು ಒಮ್ಮೆ ಭಾವಿಸಿ ನೋಡಿ. ಮರದಿಂದ ಬಿದ್ದು ಪ್ರಾಣ ಕಳೆದುಕೊಂಡವರು, ಬೆನ್ನು ಮುರಿದು ಜೀವಮಾನವೆಲ್ಲ ಜಗಲಿಯಲ್ಲಿ ಕಳೆದವರು ಎಷ್ಟು ಮನೆಗಳಲ್ಲಿಲ್ಲ!

ಮರದಿಂದ ಇಳಿಯುವಾಗ ಆ ರಸವು ನಿಜವಾಗಿ ಮದ್ಯವಲ್ಲ. ಅದು ಕಬ್ಬಿನ ಹಾಲಿನಂತೆ ಸಿಹಿ. ಗಾಳಿಯಲ್ಲಿಯೂ ಪಾತ್ರೆಯ ಗೋಡೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ಕೂಡಲೇ ಹುಳಿಯಿಸಲು ತೊಡಗುವುದರಿಂದ ಕೆಲವೇ ತಾಸುಗಳಲ್ಲಿ ಅಮಲು ಹುಟ್ಟುತ್ತದೆ. ಇನ್ನೂ ಒಂದೆರಡು ದಿನ ಬಿಟ್ಟರೆ ಹುಳಿಯೇರಿ ವಿನೆಗರಾಗುತ್ತದೆ. ಪಾತ್ರೆಯ ಒಳಮೈಗೆ ಸುಣ್ಣ ಬಳಿದಿಟ್ಟರೆ ಈ ಕ್ರಿಯೆ ತಡೆಯಲ್ಪಟ್ಟು, ಸಿಹಿಯಾಗಿಯೇ ಉಳಿದ ರಸವನ್ನು ಕಾಯಿಸಿ ಬೆಲ್ಲಮಾಡಬಹುದು. ನಮ್ಮ ಜಿಲ್ಲೆಯ ಓಲೆಬೆಲ್ಲವು ಹೀಗೆ ಹುಟ್ಟಿದ್ದು. ಕ್ರೈಸ್ತ ಬಂಧುಗಳ ಮನೆಗಳಲ್ಲಿ ಹಬ್ಬದ ದಿನ ಬೇಯುವ ಸನ್ನಾಂ ಎಂಬ ಹಬೆಯ ಕಡುಬು ಹೂವಿನಂತೆ ಅರಳುವುದು ಹಿಟ್ಟಿಗೆ ಬೆರಸಿದ ಹೊಸ ಕಲಿಯ ಬಲದಿಂದ. ಅವರ ಅಡುಗೆಯ ಹುಳಿಯೂ ಹಲವೆಡೆ ಈ ವಿನೆಗರಿನದೇ. ಕೆಲವು ದೈವಗಳಿಗೆ ಬೊಂಡದೊಡನೆ ಕಲಿಯನ್ನೂ ಬಡಿಸುವುದು ಪರಂಪರೆಯಿಂದ ಬಂದ ನಿಯಮ. ಒಂದೇ ಮರದ ಒಂದೇ ರಸವು ಬೆಲ್ಲವಾಗಿ, ಹುದುಗಾಗಿ, ನೈವೇದ್ಯವಾಗಿ, ಅಮಲಾಗಿ ನಾಲ್ಕು ದಾರಿ ಹಿಡಿಯಿತು. ಅವುಗಳಲ್ಲಿ ಒಂದು ದಾರಿ ಮಾತ್ರ ಗಡಂಗಿಗೆ ಹೋಯಿತು. ಸರಕಾರದ ಲೆಕ್ಕದ ಪುಸ್ತಕಗಳಲ್ಲಿ ದಾಖಲಾದುದು ಮುಖ್ಯವಾಗಿ ಆ ಒಂದೇ ದಾರಿ.

ಈ ಕಸುಬನ್ನು ಮುಖ್ಯವಾಗಿ ಹೊತ್ತವರು ಬಿಲ್ಲವರು. ಆ ಸಮಾಜದವರನ್ನು ಹೆಂಡದ ಕಸುಬಿನಿಂದಲೇ ಗುರುತಿಸಿದವರು ಅವರ ಗರಡಿಗಳನ್ನು ಮರೆತರು. ಕೋಟಿ ಚೆನ್ನಯರ ಪಾಡ್ದನವನ್ನು ಕೇಳಿದವರಿಗೆ ತಿಳಿದಿರುವಂತೆ, ಆ ಅವಳಿ ವೀರರ ತಾಯಿ ದೇಯಿ ಬೈದೆತಿಯು ಮದ್ದು ಬಲ್ಲವಳು, ಅರಸನ ವ್ಯಾಧಿಯನ್ನು ವಾಸಿಮಾಡಿದವಳು. ಅವರ ಭಾವ ಪಂಜದ ಪಯ್ಯ ಬೈದ್ಯನು ಮರವೇರುವವನು. ಮದ್ದು, ಮರ, ಗರಡಿ ಇವು ಮೂರೂ ಒಂದೇ ಮನೆತನದಲ್ಲಿ ಇದ್ದುವು. ಆ ಕಥೆಯನ್ನು ಕನ್ನಡದ ಗದ್ಯಕ್ಕೆ ತಂದು ನಾಡಿನ ಮಕ್ಕಳ ಕೈಗಿತ್ತವರು ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರೇ ಆದುದು ಸಂತೋಷದ ವಿಷಯ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ಮುಟ್ಟಿಕೊಂಡು ಏರುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ನೋಡಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮೂಲಕ ಕಾರ್ಕಳಕ್ಕೆ ಸಾಗಿದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವು ಗದ್ದೆ, ತೋಟ, ಕೂಲಿ, ಕಂದಾಯ, ಜಾತಿಗಳ ವಿವರಗಳಿಂದ ತುಂಬಿದೆ. ತಾಳೆ ತೆಂಗುಗಳ ರಸವನ್ನಿಳಿಸುವ ಬಿಲ್ಲವರನ್ನೂ ಅವನು ಹೆಸರಿಸಿದ್ದಾನೆ. ನಾವು ಹಿಡಿದ ದಾರಿಯೂ ಅವನದೇ ಆದುದರಿಂದ, ಈ ಸಂಚಾರಕ್ಕೆ ಹೊರಡುವವರು ಆ ಪುಟಗಳನ್ನು ಮೊದಲು ಓದಿಕೊಳ್ಳುವುದು ಲೇಸು.

ಈ ಹಾದಿಯಲ್ಲಿ ಮುಂದುವರಿದಂತೆ ಮರಗಳೇ ಬದಲಾಗುತ್ತವೆ. ಕರಾವಳಿಯ ಬಯಲಿನಲ್ಲಿ ಗಡಂಗಿಗೆ ರಸವನ್ನೊದಗಿಸಿದವು ತೆಂಗು ಮತ್ತು ತಾಳೆ. ಘಟ್ಟದ ಬುಡಕ್ಕೆ ಬಂದಂತೆ ಬೈನೆಯ ರಾಜ್ಯ ಮೊದಲಾಗುತ್ತದೆ. ಮೀನಿನ ಬಾಲದಂತಹ ಎಲೆಗಳನ್ನು ಹೊತ್ತು ಕಾಡಿನಂಚಿನಲ್ಲಿಯೂ ಅಡಕೆ ತೋಟದ ಬದಿಯಲ್ಲಿಯೂ ತಾನಾಗಿ ಬೆಳೆಯುವ ಈ ಮರದ ಬಾಳು ವಿಚಿತ್ರವಾದುದು. ವರ್ಷಾನುವರ್ಷ ಅದು ಹೂವಿಲ್ಲದೆ ಬೆಳೆಯುತ್ತದೆ. ಪೂರ್ಣ ಎತ್ತರವನ್ನು ಮುಟ್ಟಿದ ಮೇಲೆ ನೆತ್ತಿಯಲ್ಲಿ ಮೊದಲ ಹೂಗೊನೆ ಇಳಿಬಿಡುತ್ತದೆ. ಆಮೇಲೆ ಒಂದೊಂದೇ ಗೊನೆ ಕೆಳಕೆಳಗೆ ಬರುತ್ತಾ, ಕೊನೆಯದು ಮುಗಿದಾಗ ಮರವೂ ಒಣಗುತ್ತದೆ. ಆ ಕೆಲವು ವರ್ಷಗಳಲ್ಲಿ ಮಾತ್ರ ಅದು ರಸವನ್ನು ಕೊಡುವುದು; ಕೊಟ್ಟರೆ ಧಾರಾಳವಾಗಿಯೇ ಕೊಡುತ್ತದೆ. ಸತ್ತ ಬಳಿಕ ಅದರ ಕಾಂಡವನ್ನು ಸೀಳಿ ತಿರುಳು ತೆಗೆದು ತೋಟಕ್ಕೆ ನೀರು ಹಾಯಿಸುವ ದಂಬೆ ಮಾಡುತ್ತಿದ್ದರು.

ಬೆಳ್ತಂಗಡಿಯು ಚಾರ್ಮಾಡಿ ಘಟ್ಟದ ಬುಡದ ಊರು. ಟಿಪ್ಪುಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದೆಂದು ಕರೆದ ಗಡಾಯಿಕಲ್ಲೆಂಬ ಬೆಟ್ಟವು ಇದರ ನೆತ್ತಿಯ ಮೇಲೆಯೇ ನಿಂತಿರುವುದು. ಚಿಕ್ಕಮಗಳೂರಿನ ಕಡೆಯ ಕಾಫಿತೋಟಗಳು ಬೆಳೆದ ಮೇಲೆ, ಕೆಳಗಿನ ಹಳ್ಳಿಗಳಿಂದ ಕೂಲಿಯಾಳುಗಳು ಗುಂಪುಗುಂಪಾಗಿ ಈ ದಾರಿಯಲ್ಲಿ ಮೇಲೇರಿದರು; ಗಾಡಿಯವರು ಎತ್ತುಗಳಿಗೆ ಹುಲ್ಲು ನೀರು ತೋರಿಸಿ, ಘಟ್ಟದ ಏರಿಗೆ ಮುನ್ನ ಇರುಳು ಕಳೆದರು. ದಾರಿಯ ಇಂತಹ ತಂಗುದಾಣಗಳೇ ಗಡಂಗಿನ ನೆಲೆಗಳು. ಅಲ್ಲಿ ಮೇಲಿನವರು ಕೆಳಗಿನ ಸುದ್ದಿಯನ್ನು ಕೇಳಿದರು, ಕೆಳಗಿನವರು ತೋಟದ ಕೂಲಿಯ ದರವನ್ನು ತಿಳಿದುಕೊಂಡರು, ಎತ್ತಿನ ಜೋಡಿಗಳು ಕೈಬದಲಾದವು, ಕೋಳಿಯಂಕದ ಮಾತುಕತೆಗಳಾದವು. ಓದು ಬಾರದ ಜನರಿಗೆ ಪತ್ರಿಕೆಯ ಕೆಲಸವನ್ನು ಆ ಜಗಲಿಗಳು ಮಾಡಿದುವು.

ಇಷ್ಟು ಹೇಳಿ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾದೀತು. ಗಡಂಗಿನ ಜಗಲಿಯು ಎಲ್ಲರಿಗೂ ಒಂದೇ ಆಗಿರಲಿಲ್ಲ. ಅಸ್ಪೃಶ್ಯರೆನಿಸಿದವರು ಹೊರಗೆ ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ತಮ್ಮ ಗೆರಟೆಗೆ ಮೇಲಿನಿಂದ ಹೊಯ್ಯಿಸಿಕೊಂಡರು. ಡಾ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಚೋಮನ ದುಡಿಯಲ್ಲಿ, ಒಂದು ತುಂಡು ಬೇಸಾಯದ ನೆಲಕ್ಕಾಗಿ ಹಂಬಲಿಸಿದ ಆಳು ಚೋಮನಿಗೆ ದುಡಿ ಮತ್ತು ಕಳ್ಳು ಎಷ್ಟರ ಆಸರೆಯಾಗಿದ್ದುವೆಂಬುದನ್ನು ಓದಿದವರು ಮರೆಯಲಾರರು. ದಣಿಗಳ ಸಾಲವೂ ಗಡಂಗಿನ ಸಾಲವೂ ಸೇರಿ ಒಬ್ಬ ಆಳನ್ನು ಹೇಗೆ ತಲೆಯೆತ್ತದಂತೆ ಮಾಡಿದುವೆಂಬುದಕ್ಕೆ ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯೂ ಸಾಕ್ಷಿ. ಗುತ್ತಿಗೆಯ ಹಣ ಏರಿದಂತೆ ಗುತ್ತಿಗೆದಾರನಿಗೆ ಹೆಚ್ಚು ಮಾರುವ ಅವಸರ ಹುಟ್ಟಿತು. ಕಲಿಯ ಪಕ್ಕಕ್ಕೆ ಗಂಗಸರ, ಎಂದರೆ ಬಟ್ಟಿಯಿಳಿಸಿದ ಸಾರಾಯಿ ಬಂದು ಕುಳಿತಿತು. ಕಲಿಯನ್ನು ಕುಡಿದವನು ಅರ್ಧ ತಾಸಿನ ಮೇಲೆ ಎದ್ದು ಮನೆಗೆ ಹೋದಾನು. ಸಾರಾಯಿ ಕುಡಿದವನ ಮನೆಯಲ್ಲಿ ಹೆಂಡತಿಮಕ್ಕಳು ಬಾಗಿಲ ಹಿಂದೆ ನಿಂತರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಆದರೆ ಕಲಿಯ ಪರವಾಗಿ ಮಾತನಾಡುವವರು ಆ ಹೆಂಗಸರ ಕಣ್ಣೀರನ್ನು ಮರೆಯುವುದೂ ನ್ಯಾಯವಲ್ಲ.

ಕುಡಿತದ ಈ ಕೇಡನ್ನು ಮೊದಲು ಕಂಡು ನುಡಿದವರು ಕಸುಬಿನವರೇ ಎಂಬುದು ಈ ಚರಿತ್ರೆಯ ಘನತೆ. ಬಿಲ್ಲವ ಸಮಾಜದ ಹಿರಿಯರ ಪ್ರಾರ್ಥನೆಯಂತೆ ಶ್ರೀ ನಾರಾಯಣಗುರುಗಳು ಮಂಗಳೂರಿಗೆ ಬಂದು, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಕಳ್ಳನ್ನು ಇಳಿಸಲೂ ಬಾರದು, ಕೊಡಲೂ ಬಾರದು, ಕುಡಿಯಲೂ ಬಾರದೆಂಬುದು ಗುರುಗಳ ಉಪದೇಶದ ತಾತ್ಪರ್ಯ. ತಲೆಮಾರುಗಳಿಂದ ಅನ್ನವಿತ್ತ ಮರವನ್ನು ಬಿಟ್ಟಿಳಿಯಿರೆಂದು ಒಬ್ಬ ಸಂತನು ಹೇಳಿದಾಗ, ಅದಕ್ಕೆ ಕಿವಿಗೊಟ್ಟವರ ಧೈರ್ಯ ಎಷ್ಟರದೆಂಬುದನ್ನು ನಾವು ಮನಗಾಣಬೇಕು. ಇಂದು ಗರಡಿಗಳ ಬಳಿ, ಪೇಟೆಗಳ ನಡುವೆ ಕಾಣುವ ನಾರಾಯಣಗುರು ಮಂದಿರಗಳೂ ಸಭಾಭವನಗಳೂ ಈ ಸಂಚಾರದ ನಿಲ್ದಾಣಗಳೇ ಸರಿ.

ಅನಂತರ ರಾಜ್ಯವೇ ಕೈಹಾಕಿತು. ರಾಜಾಜಿಯವರ ಮಂತ್ರಿಮಂಡಲವು 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿರೋಧವು ಸ್ವಾತಂತ್ರ್ಯದ ಬಳಿಕ, 1948ರ ಹೊತ್ತಿಗೆ ಮದರಾಸು ಪ್ರಾಂತವನ್ನೆಲ್ಲ ವ್ಯಾಪಿಸಿತು. ದಕ್ಷಿಣ ಕನ್ನಡದ ಗಡಂಗುಗಳ ಬಾಗಿಲು ಮುಚ್ಚಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ನಿರ್ಬಂಧ ಮುಂದುವರಿದು, 1967ರಲ್ಲಿ ತೆರವಾಯಿತು. ಈ ನಡುವಣ ಕಾಲದಲ್ಲಿ ಮರವಿಳಿದವರೆಲ್ಲರೂ ಮತ್ತೆ ಮರವೇರಲಿಲ್ಲ. ಬೀಡಿ ಕಟ್ಟುವ ಮೊರವನ್ನು ತೊಡೆಯ ಮೇಲಿಟ್ಟುಕೊಂಡವರು, ಹಂಚಿನ ಕಾರ್ಖಾನೆಗಳಿಗೆ ಹೋದವರು, ಮುಂಬಯಿಯ ಹೋಟೆಲುಗಳಿಗೆ ಹಡಗನ್ನೋ ಬಸ್ಸನ್ನೋ ಹತ್ತಿದವರು ಊರೂರಿನಲ್ಲಿಯೂ ಇದ್ದರು. ಸಾರಾಯಿಯ ಮಾರಾಟವನ್ನು ಕರ್ನಾಟಕ ಸರಕಾರವು 2007ರ ಜುಲೈ 1ರಿಂದ ನಿಲ್ಲಿಸಿತು. ಕುಡಿತದಿಂದ ಬಿಡಿಸುವ ಮದ್ಯವರ್ಜನ ಶಿಬಿರಗಳನ್ನು ಧರ್ಮಸ್ಥಳದ ಆಶ್ರಯದಲ್ಲಿ ಕಟ್ಟಿ ಬೆಳೆಸಿದ ತಾಲೂಕೂ ಇದೇ ಬೆಳ್ತಂಗಡಿಯೆಂಬುದನ್ನು ಇಲ್ಲಿ ಸ್ಮರಿಸತಕ್ಕದ್ದು. ಘಟ್ಟದ ದಾರಿಯ ಗಡಂಗಿನಿಂದ ಶಿಬಿರದ ಚಪ್ಪರದವರೆಗೆ ಒಂದೇ ತಾಲೂಕಿನ ನೆಲದಲ್ಲಿ ನಡೆದು ನೋಡಬಹುದು.

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಗುರುವಾಯನಕೆರೆಗೆ ಮರಳಿ ವೇಣೂರಿನ ಮೇಲೆ ಹೋಗಬೇಕು. ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಗೊಮ್ಮಟನನ್ನು ಫಲ್ಗುಣಿಯ ದಡದಲ್ಲಿ ಕಂಡು, ಅಲ್ಲಿಂದ ಮುಂದುವರಿದರೆ ಜೈನಕಾಶಿಯೆನಿಸಿದ ಮೂಡುಬಿದಿರೆ. ಇಲ್ಲಿಗೆ ಬಂದಾಗ ನಮ್ಮ ಸಂಚಾರದ ಸ್ವರೂಪವೇ ಬದಲಾಗುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗವು ಜೈನ ಗೃಹಸ್ಥನ ಮೂಲಗುಣಗಳಲ್ಲಿ ಮೊದಲಿನದು. ಜೇನನ್ನೇ ಮುಟ್ಟದವನು ಹೆಂಡದ ಕಡೆಗೆ ತಿರುಗಿಯಾದರೂ ನೋಡಿಯಾನೆ? 1430ರಲ್ಲಿ ಎದ್ದುನಿಂತ ಸಾವಿರಕಂಬದ ಬಸದಿಯ ಮುಂದಿನ ಬೀದಿಯಲ್ಲಿ, ಧವಳಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಗುರುಬಸದಿಯ ಸುತ್ತಿನಲ್ಲಿ, ಕವಿ ರತ್ನಾಕರವರ್ಣಿಯು ಓಡಾಡಿದ ನೆಲದಲ್ಲಿ ಗಡಂಗನ್ನು ಹುಡುಕುವುದು ವ್ಯರ್ಥ. ಆದರೂ ಮೂಡುಬಿದಿರೆಯು ಬಸದಿಗಳಷ್ಟೇ ಆಗಿರಲಿಲ್ಲವಷ್ಟೆ. ಆ ಕಂಬಗಳ ಕಲ್ಲನ್ನು ಎಳೆದು ತಂದವರಿದ್ದರು. ಚೌಟ ಅರಸರ ಅರಮನೆಯ ಮರದ ಕಂಬದಲ್ಲಿ ನವನಾರೀಕುಂಜರವನ್ನು ಕೊರೆದ ಬಡಗಿಗಳಿದ್ದರು. ಭತ್ತ, ಅಡಕೆ, ಮೆಣಸುಗಳನ್ನು ಹೊತ್ತವರಿದ್ದರು. ಅವರ ದಣಿವಾರುವ ಸ್ಥಳಗಳು ಪೇಟೆಯ ಹೊರವಲಯದಲ್ಲಿ, ಸುತ್ತಣ ಹಳ್ಳಿಗಳಿಂದ ಬರುವ ದಾರಿಗಳು ಕೂಡುವಲ್ಲಿ ಇರದೆ ವಿಧಿಯಿಲ್ಲ. ಬಸದಿಯ ಬಾಗಿಲಿನಿಂದ ಹೊರಟು, ಪೇಟೆಯ ಮನೆಗಳ ಸಾಲು ಮುಗಿಯುವವರೆಗೆ ನಡೆದು, ಅಲ್ಲಿ ನಿಂತು ಹಿಂತಿರುಗಿ ನೋಡಿದರೆ, ಯಾರು ಯಾರಿಂದ ಎಷ್ಟು ದೂರದಲ್ಲಿ ಬದುಕಿದರೆಂಬುದು ಕಾಲಿಗೇ ತಿಳಿಯುತ್ತದೆ. ಲಂಡನ್ನಿನ ಪಾನಗೃಹಗಳ ಸಂಚಾರದಲ್ಲಿ ಈ ಅರಿವು ದೊರೆಯುವುದಿಲ್ಲ. ಅಲ್ಲಿ ಕಟ್ಟಡವೇ ಎಲ್ಲವನ್ನೂ ಹೇಳಿಬಿಡುತ್ತದೆ.

ಈ ವ್ರತಸ್ಥ ನಗರಕ್ಕೂ ಗಡಂಗಿನ ನಾಡಿಗೂ ನಂಟೇ ಇಲ್ಲವೆಂದು ತಿಳಿಯಬಾರದು. ಗುರುಬಸದಿಯ ಶಾಸ್ತ್ರಗಳನ್ನು ಬರೆದುದು ತಾಳೆಯ ಕುಲದ ಮರದ ಗರಿಯ ಮೇಲೆ; ಗಡಂಗಿಗೆ ರಸವನ್ನಿತ್ತುದೂ ಅದೇ ಕುಲ. ಜೈನ ಬಲ್ಲಾಳರೂ ಹೆಗ್ಗಡೆಗಳೂ ತಮ್ಮ ಬೀಡುಗಳಲ್ಲಿ ದೈವಗಳ ನೇಮವನ್ನು ನಡೆಯಿಸಿಕೊಂಡು ಬಂದವರು. ತಾವು ಮುಟ್ಟದ ವಸ್ತುವನ್ನು ದೈವವು ಕೇಳಿದರೆ, ಅದನ್ನು ಒಪ್ಪಿಸುವ ಹಕ್ಕೂ ಹೊಣೆಯೂ ಉಳ್ಳವರ ಕೈಯಿಂದ ಅದು ಸಲ್ಲುವಂತೆ ಏರ್ಪಾಡು ಮಾಡಿದವರು. ಅಹಿಂಸೆಯನ್ನು ಪಾಲಿಸಿದ ಒಡೆಯನೂ ಮರವೇರಿದ ಒಕ್ಕಲೂ ಒಂದೇ ದೈವದ ಮುಂದೆ ಕೈಮುಗಿದು ನಿಂತ ಈ ವ್ಯವಸ್ಥೆಯಲ್ಲಿ ಅಸಮಾನತೆಯು ಬಹಳವಾಗಿತ್ತು. ಪರಸ್ಪರರ ವ್ರತಕ್ಕೆ ಕೊಟ್ಟ ಗೌರವವೂ ಇತ್ತು. ನಮ್ಮ ಪೂರ್ವಿಕರ ಬಾಳನ್ನು ಅಳೆಯುವಾಗ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗಿನ ಸ್ಥಿತಿ ಹೇಗಿದೆಯೆಂದರೆ, ರಾಜ್ಯದ ಬಹುಭಾಗದಲ್ಲಿ 2004ರ ಈಚೆಗೆ ನಿಷಿದ್ಧವಾದ ಹೆಂಡವು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮಾತ್ರ ಪರವಾನಗಿಯ ಮೇಲೆ ನಡೆದುಬರುತ್ತಿದೆ. ಮೂರ್ತೆದಾರರ ಸೇವಾ ಸಹಕಾರಿ ಸಂಘಗಳು ಊರೂರಿನಲ್ಲಿ ಹುಟ್ಟಿ, ಈಗ ಅವುಗಳಲ್ಲಿ ಹಲವು ಠೇವಣಿ ಸಾಲಗಳ ವ್ಯವಹಾರವನ್ನು ದಕ್ಷತೆಯಿಂದ ನಡೆಸುತ್ತಿವೆ. ಫಲಕದ ಮೇಲೆ ಆ ಹೆಸರು ಉಳಿದಿದೆ, ಮರವೇರುವವರು ವಿರಳರಾಗಿದ್ದಾರೆ. ತಂದೆಯ ಕಾಲಿನ ತಳೆಯ ಗುರುತನ್ನು ಕಂಡು ಬೆಳೆದ ಮಗನು ಕಾಲೇಜಿಗೆ ಹೋಗಿ ಬೇರೆ ವೃತ್ತಿಯನ್ನು ಹಿಡಿದುದು ಸರ್ವಥಾ ಸ್ತುತ್ಯ. ಆ ಕಷ್ಟಕ್ಕೆ ಮತ್ತೆ ಯಾರನ್ನೂ ಕರೆಯುವ ಹಕ್ಕು ನಮಗಿಲ್ಲ. ಆದರೆ ಹೊಂಬಾಳೆಯನ್ನು ಬಡಿಯುವ ಹದ, ಯಾವ ಮರಕ್ಕೆ ಯಾವ ಕತ್ತಿ, ಯಾವ ಮಾಸದಲ್ಲಿ ಯಾವ ರಸ ಎಂಬ ತಿಳಿವಳಿಕೆಯು ಬರೆಹಕ್ಕೆ ಬಾರದೆ ಮುಗಿದುಹೋಗುವುದು ದೊಡ್ಡ ನಷ್ಟ. ಆ ಹಿರಿಯರು ನಮ್ಮೊಡನೆ ಇರುವಾಗಲೇ ನಮ್ಮ ಕಾಲೇಜುಗಳ ತರುಣರು ಪುಸ್ತಕ, ಧ್ವನಿಯಂತ್ರಗಳೊಡನೆ ಅವರ ಜಗಲಿಗೆ ಹೋಗಿ ಕುಳಿತು ಕೇಳಬೇಕು. ಹಳೆಯ ಗಡಂಗುಗಳಿದ್ದ ಸ್ಥಳಗಳನ್ನು ಅವರಿಂದ ತೋರಿಸಿಕೊಂಡು ಗ್ರಾಮದ ನಕ್ಷೆಯಲ್ಲಿ ಗುರುತುಹಾಕಬೇಕು.

ಈ ಸಂಚಾರವನ್ನು ಕೈಗೊಳ್ಳಲು ಮನಸ್ಸುಳ್ಳವರಿಗೆ ಒಂದೆರಡು ಸೂಚನೆಗಳು. ಬಂಟ್ವಾಳದ ಬಳಿಯ ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವಿದೆ. ತುಳುವರ ದಿನಬಳಕೆಯ ಸಾಮಗ್ರಿಗಳನ್ನು ಅಲ್ಲಿ ಕಣ್ಣಾರೆ ಕಂಡು ಹೊರಟರೆ ಮುಂದಿನ ದಾರಿ ಸುಗಮವಾಗುವುದು. ಬಂಟ್ವಾಳದ ಪೇಟೆಯನ್ನು ಬೆಳಗಿನ ಹೊತ್ತಿನಲ್ಲಿ ನಡೆಯಿರಿ. ಘಟ್ಟದ ಬುಡದ ಬೈನೆಮರಗಳನ್ನು ಮಳೆ ಕಳೆದ ಮೇಲೆ ನೋಡಿರಿ. ಮರದ ಮೇಲೆ ಮನುಷ್ಯನಿರುವಾಗ ಕೆಳಗಿನಿಂದ ಕೂಗಿ ಮಾತನಾಡಿಸಬೇಡಿರಿ. ಅವನು ಕೆಳಗಿಳಿದು ಕತ್ತಿಯನ್ನು ಒರಸಿಟ್ಟ ಮೇಲೆ, ಅವನಿಗೆ ಬಿಡುವಿದ್ದರೆ ಮಾತ್ರ, ಕೇಳಬೇಕಾದುದನ್ನು ಕೇಳಿರಿ.